ಗಡ್ಡದ ಓತಿ ಮಲಗಿದಾಗ

ಬಿಯರ್ಡೆಡ್ ಡ್ರ್ಯಾಗನ್ ಸಾಕಿದವರಿಗೆಲ್ಲ ಮೊದಲ ಚಳಿಗಾಲ ಒಂದೇ ಪ್ರಶ್ನೆ ತಂದುಕೊಡುತ್ತೆ: ಇದು ನಿದ್ದೆ ಮಾಡ್ತಿದೆಯಾ, ಹುಷಾರಿಲ್ವಾ, ಇಲ್ಲಾ ಸತ್ತೇ ಹೋಯ್ತಾ? ನವೆಂಬರ್‌ವರೆಗೂ ಹುಳ ಕಂಡರೆ ಗಾಜಿಗೆ ಮೂತಿ ಗುದ್ದಿಕೊಂಡು ಓಡಿಬರುತ್ತಿದ್ದ ಪ್ರಾಣಿ ಡಿಸೆಂಬರ್‌ನ ಒಂದು ದಿನ ತಟ್ಟೆಯ ಕಡೆ ತಿರುಗಿಯೂ ನೋಡೋದಿಲ್ಲ. ಮರದ ತುಂಡಿನ ಕೆಳಗೆ ಹೋಗಿ ಮಲಗುತ್ತೆ. ಮಾರನೇ ದಿನವೂ ಅಲ್ಲೇ. ಮುಟ್ಟಿದರೆ ತಣ್ಣಗೆ. ಒಂದು ಕಣ್ಣು ಅರ್ಧ ತೆರೆದು, ‘ಏನ್ರಪ್ಪಾ ನಿಮ್ಮ ಗಲಾಟೆ’ ಅನ್ನೋ ಹಾಗೆ ನೋಡಿ ಮತ್ತೆ ಮುಚ್ಚಿಕೊಳ್ಳುತ್ತೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ರೂಮು ಮಾಡಿಕೊಂಡಿರುವ ನಮ್ಮಂಥವರಲ್ಲಿ ಈ ಪ್ರಾಣಿ ಸಾಕುವವರು ಅಲ್ಲಲ್ಲಿ ಇದ್ದಾರೆ. ನಾಯಿಗೆ ಓನರ್ ಒಪ್ಪಲ್ಲ, ಬೆಕ್ಕು ಪಕ್ಕದ ಮನೆ ಹಾಲಿಗೆ ಹೋಗುತ್ತೆ, ಓತಿ ಬೊಗಳಲ್ಲ. ನಾವು ನಾಲ್ವರು ಸೇರಿ ಒಂದನ್ನು ನೋಡಿಕೊಳ್ಳುತ್ತಿದ್ದೇವೆ. ಕೆಲಸ ಸಿಕ್ಕಿ ಊರು ಬಿಟ್ಟ ಸೀನಿಯರ್ ಒಬ್ಬರು ಒಪ್ಪಿಸಿ ಹೋದದ್ದು, ಹೆಸರು ಬೋರ. ಅವನ ಎರಡು ಚಳಿಗಾಲ ಕಂಡಾಗಿದೆ. ಪರೀಕ್ಷೆ ಮುಗಿಸಿ ಎಲ್ಲರೂ ಊರಿಗೆ ಬಸ್ಸು ಹತ್ತುವ ಸಮಯ ಮತ್ತು ಈ ಪ್ರಾಣಿ ಮಲಗುವ ಸಮಯ ಎರಡೂ ಒಂದೇ ಆಗಿರೋದರಿಂದ, ಗೊತ್ತಿರುವುದನ್ನು ಬರೆದಿಡೋಣ ಅನ್ನಿಸಿತು.

ಮೊದಲು ಹೆಸರಿನ ವಿಷಯ. ಇದಕ್ಕೆ ಇಂಗ್ಲಿಷ್‌ನಲ್ಲಿ ಬ್ರೂಮೇಶನ್ ಅಂತಾರೆ. ಹೈಬರ್ನೇಶನ್ ಅನ್ನೋದನ್ನು ಕರಡಿ, ಅಳಿಲಿನಂಥ ಬಿಸಿರಕ್ತದ ಪ್ರಾಣಿಗಳಿಗೆ ಬಿಟ್ಟು, ಸರೀಸೃಪಗಳ ಚಳಿಗಾಲದ ಸ್ಥಿತಿಗೆ ಬೇರೆಯದೇ ಪದ ಬೇಕೆಂದು 1965ರಲ್ಲಿ ವಿಲ್ಬರ್ ಮೇಹ್ಯೂ ಎಂಬ ವಿಜ್ಞಾನಿ ಟಂಕಿಸಿದ ಪದ ಅದು. ಕನ್ನಡದಲ್ಲಿ ನಾವು ‘ಚಳಿಮಂಪರು’ ಅಂತ ಕರೀತಿದ್ದೇವೆ. ನಿದ್ದೆ ಅನ್ನೋದಕ್ಕಿಂತ ಮಂಪರು ಅನ್ನೋದೇ ಸರಿ, ಯಾಕಂದ್ರೆ ಇದು ಕುಂಭಕರ್ಣನ ನಿದ್ದೆಯಲ್ಲ. ನಡುನಡುವೆ ಏಳುತ್ತೆ, ನಾಲ್ಕು ಹೆಜ್ಜೆ ಹಾಕುತ್ತೆ, ನೀರು ಕುಡಿಯುತ್ತೆ, ಮತ್ತೆ ಹೋಗಿ ಮಲಗುತ್ತೆ. ಪ್ರಾಣಿಗೂ ಕನ್ನಡದ ಹೆಸರು ಕಷ್ಟವಿಲ್ಲ. ಇದು ನಮ್ಮ ಓತಿಕ್ಯಾತದ ಕುಟುಂಬದ್ದೇ, ಅಗಮಿಡೇ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ನೆನಪಿರುವ ಹಾರುವ ಓತಿಯೂ ಇದೇ ಕುಟುಂಬ. ಹಾಗಾಗಿ ಗಡ್ಡದ ಓತಿ. ಕೋಪ ಬಂದಾಗ, ಹೆದರಿದಾಗ ಗಂಟಲ ಕೆಳಗಿನ ಮುಳ್ಳಿನ ಚರ್ಮ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತಲ್ಲ, ಅದೇ ಗಡ್ಡ.

ಸಾಕುವ ಜಾತಿ ಹೆಚ್ಚಾಗಿ ಪೊಗೋನ ವಿಟಿಸೆಪ್ಸ್, ಆಸ್ಟ್ರೇಲಿಯಾದ ಪೂರ್ವ ಒಳನಾಡಿನ ಒಣ ಬಯಲಿನದು. ಅಲ್ಲಿ ಹಗಲು ಕೆಂಡದಂಥ ಬಿಸಿಲು, ಚಳಿಗಾಲದ ರಾತ್ರಿ ಕೊರೆಯುವ ಚಳಿ, ಆ ತಿಂಗಳುಗಳಲ್ಲಿ ತಿನ್ನೋಕೆ ಹುಳವೂ ಕಡಿಮೆ. ದೇಹದ ಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕಾದ ಪ್ರಾಣಿಗೆ ಆಗ ಓಡಾಡೋದು ನಷ್ಟದ ವ್ಯಾಪಾರ. ಬಿಲದೊಳಗೆ ಹೋಗಿ ಖರ್ಚು ಕಡಿಮೆ ಮಾಡಿಕೊಳ್ಳುತ್ತೆ.

ಎಷ್ಟು ಕಡಿಮೆ? ಇಲ್ಲಿ ನಮಗೆ ಇಷ್ಟವಾಗುವಂಥ ಒಂದು ಸಂಖ್ಯೆ ಇದೆ, ಕ್ಯೂ-ಟೆನ್. ತಾಪಮಾನ 10 ಡಿಗ್ರಿ ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಎಷ್ಟನೇ ಒಂದು ಭಾಗಕ್ಕೆ ಇಳಿಯುತ್ತೆ ಅನ್ನೋ ಲೆಕ್ಕ. ಹಲ್ಲಿ ಜಾತಿಗಳಲ್ಲಿ ಅದು ಸುಮಾರಾಗಿ 2ರಿಂದ 3. ನಡುವಿನ 2.5 ಹಿಡಿಯಿರಿ. ದೀಪದ ಕೆಳಗೆ 38 ಡಿಗ್ರಿಯಲ್ಲಿ ಕೂತಿದ್ದ ಓತಿ 18 ಡಿಗ್ರಿಗೆ ಇಳಿದರೆ 2.5ರ ವರ್ಗ, ಅಂದರೆ 6.25. ಖರ್ಚು ಆರನೇ ಒಂದು ಭಾಗಕ್ಕೆ ಬಂತು. ತಿಂಗಳುಗಟ್ಟಲೆ ಉಪವಾಸವಿದ್ದೂ ಕರಗಿಹೋಗದಿರುವ ಗುಟ್ಟಿನ ಒಂದು ಪಾಲು ಇಷ್ಟೇ.

ಈ ಲೆಕ್ಕವನ್ನೇ ತಿರುಗಿಸಿ ನೋಡಿದರೆ ಅಪಾಯ ಎಲ್ಲಿದೆ ಅಂತಲೂ ಗೊತ್ತಾಗುತ್ತೆ. ತಣ್ಣಗಾದಾಗ ನಿಧಾನವಾಗೋದು ಖರ್ಚು ಮಾತ್ರವಲ್ಲ, ಜೀರ್ಣಕ್ರಿಯೆಯೂ ಹೌದು. ಹೊಟ್ಟೆಯಲ್ಲಿ ಹುಳ, ಸೊಪ್ಪು ಇಟ್ಟುಕೊಂಡು ಮಲಗಿದ ಓತಿಯ ಒಳಗೆ ಅವು ಅರಗದೆ ಕೊಳೆಯುತ್ತವೆ. ಚಳಿಮಂಪರಿನಲ್ಲಿ ಸಾಯುವ ಓತಿಗಳಲ್ಲಿ ಎಷ್ಟೋ ನಿದ್ದೆಯಿಂದ ಸಾಯೋದಿಲ್ಲ, ಪ್ರೀತಿಯಿಂದ ತಿನ್ನಿಸಿದ ಕೊನೆಯ ಊಟದಿಂದ ಸಾಯುತ್ತವೆ. ‘ಪಾಪ, ಎರಡು ದಿನದಿಂದ ಏನೂ ತಿಂದಿಲ್ಲ’ ಅಂತ ಬಾಯಿ ಬಿಡಿಸಿ ತುರುಕುವವರಿಗೆ ಇದನ್ನು ಹೇಳಲೇಬೇಕು.

ಇನ್ನು ನಮ್ಮ ಊರಿನ ಸಮಸ್ಯೆ. ಗಡ್ಡದ ಓತಿಯ ಬಗ್ಗೆ ಸಿಗುವ ಮಾಹಿತಿಯೆಲ್ಲ ಅಮೆರಿಕ, ಇಂಗ್ಲೆಂಡಿನ ಚಳಿಯನ್ನು ಮನಸ್ಸಲ್ಲಿಟ್ಟು ಬರೆದದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದು ಇಲ್ಲಿನ ದಾಖಲೆ. ಸಾಮಾನ್ಯ ಜನವರಿಯಲ್ಲಿ ರಾತ್ರಿ 15-16 ಡಿಗ್ರಿ, ಹಗಲು 27ರ ಆಸುಪಾಸು. ಹಗಲಿನ ಉದ್ದವೂ ಅಷ್ಟೇನೂ ಬದಲಾಗಲ್ಲ: ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ಅಂದರೆ ‘ಚಳಿಗಾಲ ಬಂತು, ಮಲಗು’ ಅನ್ನೋ ಸೂಚನೆ ಇಲ್ಲಿ ಮಂದ. ಕೆಲವು ಓತಿ ಮಲಗುತ್ತವೆ, ಕೆಲವು ಮಲಗುವುದೇ ಇಲ್ಲ. ಜೂನ್-ಜುಲೈನ ಮೋಡ, ತಂಪಿನಲ್ಲಿ ತೂಕಡಿಸುವವೂ ಉಂಟು. ಆಸ್ಟ್ರೇಲಿಯಾದಲ್ಲಿ ಚಳಿಗಾಲ ಆಗಲೇ ಅನ್ನೋದು ಕಾಕತಾಳೀಯ ಇರಬಹುದು.

ಸೂಚನೆ ಮಂದವಾಗಿರೋದು ಸಮಸ್ಯೆಯ ಅರ್ಧ ಮಾತ್ರ. ಉಳಿದರ್ಧ ಅರೆಬಿಸಿ. ನಮ್ಮ ರೂಮಿನ ಥರ್ಮಾಮೀಟರ್ ಡಿಸೆಂಬರ್ ರಾತ್ರಿ 19-20 ತೋರಿಸುತ್ತೆ, ಚೆನ್ನಾಗಿದೆ. ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದರೆ 27. ಈ 25-27 ಡಿಗ್ರಿ ಅನ್ನೋದು ಓತಿಗೆ ಎರಡೂ ಅಲ್ಲದ ಜಾಗ. ಊಟ ಅರಗಿಸೋಕೆ ಸಾಲದು, ಖರ್ಚು ಇಳಿಸೋಕೆ ಹೆಚ್ಚು. ಮಲಗಿದ್ದೂ ಕರಗುತ್ತೆ. ಆದ್ದರಿಂದ ಮಲಗಿದ ಓತಿಯ ಗೂಡನ್ನು ಮನೆಯಲ್ಲಿ ಹಗಲೂ ರಾತ್ರಿ ಒಂದೇ ಸಮ ತಂಪಾಗಿರುವ ಮೂಲೆಗೆ ಸರಿಸಬೇಕು: ಬಿಸಿಲು ಬೀಳದ ಒಳಗೋಡೆ, ನೆಲಮಟ್ಟ, ಫ್ರಿಡ್ಜಿನ ಹಿಂಭಾಗದಿಂದ ದೂರ. 15ರಿಂದ 21 ಡಿಗ್ರಿಯೊಳಗೆ ನಿಂತರೆ ಸಾಕು. ಪೀಣ್ಯದ ಕಡೆ ಟೆರೇಸಿನ ಮೇಲೆ ಶೀಟು ಹಾಕಿದ ರೂಮುಗಳಿವೆಯಲ್ಲ, ಅವು ಎರಡೂ ಕಡೆಯಿಂದ ಕೆಟ್ಟವು: ಹಗಲು ಕುದಿಯುತ್ತವೆ, ಬೆಳಗಿನ ಜಾವ ಕೊರೆಯುತ್ತವೆ. ಅಂಥಲ್ಲಿ ಇರುವವರು ಓತಿಯನ್ನು ಮಲಗಲು ಬಿಡದೆ ಬೇಸಿಗೆಯ ದೀಪದಲ್ಲೇ ಇಟ್ಟುಕೊಳ್ಳೋದು ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ತೇವವೂ ಲೆಕ್ಕಕ್ಕೆ ಬರುತ್ತೆ. ಈ ಪ್ರಾಣಿಗೆ 30-40 ಶೇಕಡ ಆರ್ದ್ರತೆ ಸಾಕು. ಬೆಂಗಳೂರಿನ ಮಳೆಗಾಲದ ಬೆಳಿಗ್ಗೆ ಅದು 80 ದಾಟಿರುತ್ತೆ, ಪಿಜಿಯ ರೂಮಿನಲ್ಲಿ ಒದ್ದೆ ಬಟ್ಟೆ ಒಣಹಾಕಿದ್ದರೆ ಕೇಳೋದೇ ಬೇಡ. ಚಳಿ ಜೊತೆಗೆ ತೇವ ಸೇರಿದರೆ ಶ್ವಾಸಕೋಶದ ಸೋಂಕು. ಮಲಗಿದ ಕಾಲದಲ್ಲಿ ಗೂಡಿನೊಳಗಿನ ಅಗಲವಾದ ನೀರಿನ ಬಟ್ಟಲು ತೆಗೆದು ಚಿಕ್ಕದೊಂದನ್ನು ಇಡಿ, ಬಟ್ಟೆ ಒಣಗಿಸುವ ಹಗ್ಗ ಬೇರೆ ಕಡೆ ಕಟ್ಟಿ.

ಹಾಗಾದರೆ ಮಲಗಿಸಬೇಕಾ? ಬೇಕಿಲ್ಲ. ಮರಿ ಮಾಡಿಸುವವರು ಬೇಕಂತಲೇ ಮಲಗಿಸುತ್ತಾರೆ, ಸುಮ್ಮನೆ ಸಾಕುವವರಿಗೆ ಅದರ ಅಗತ್ಯವಿಲ್ಲ. ದಿನಕ್ಕೆ 12-13 ಗಂಟೆ ದೀಪ, ಕಾಯುವ ಜಾಗದಲ್ಲಿ 38-42 ಡಿಗ್ರಿ ಇಟ್ಟರೆ ಹಲವು ಓತಿ ಚಳಿಗಾಲವನ್ನು ಎಚ್ಚರವಾಗಿಯೇ ಕಳೆಯುತ್ತವೆ. ಆದರೂ ತಾನಾಗಿ ಮಲಗಲು ಹೊರಟರೆ ತಡೆಯಬೇಡಿ, ತಯಾರಿ ಮಾಡಿಕೊಡಿ. ಎರಡು ಷರತ್ತು. ವರ್ಷ ತುಂಬದ ಮರಿಯಾಗಿದ್ದರೆ ಮಲಗಲು ಬಿಡಬೇಡಿ, ಅದಕ್ಕೆ ಮೈಯಲ್ಲಿ ಉಳಿತಾಯ ಇರೋದಿಲ್ಲ. ಮರಿ ತಿನ್ನೋದು ಬಿಟ್ಟರೆ ಅದನ್ನು ಕಾಯಿಲೆ ಅಂತಲೇ ತಿಳಿದು ಡಾಕ್ಟರ ಹತ್ತಿರ ಹೋಗಿ. ಮೊದಲೇ ಸೊರಗಿರುವ, ಈಚೆಗೆ ಕಾಯಿಲೆಯಿಂದ ಎದ್ದಿರುವ ದೊಡ್ಡ ಓತಿಗೂ ಇದೇ ಮಾತು.

ತಯಾರಿ ಅಕ್ಟೋಬರ್‌ನಲ್ಲೇ ಶುರುವಾಗಬೇಕು, ಮತ್ತು ಅದು ಶುರುವಾಗೋದು ಹಿಕ್ಕೆಯಿಂದ. ಹೊಸ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು. ಗಡ್ಡದ ಓತಿಗಳ ಕರುಳಲ್ಲಿ ಪಿನ್‌ವರ್ಮ್, ಕಾಕ್ಸಿಡಿಯಾ ಸಾಮಾನ್ಯ. ಎಚ್ಚರವಾಗಿದ್ದಾಗ ಹೇಗೋ ಸಂಭಾಳಿಸಿಕೊಂಡಿರುವ ಪ್ರಾಣಿ, ರೋಗನಿರೋಧಕ ಶಕ್ತಿಯೂ ತಣ್ಣಗಾದ ಹೊತ್ತಿಗೆ ಅವುಗಳ ಪಾಲಾಗುತ್ತೆ. ನಾಯಿ-ಬೆಕ್ಕು ನೋಡುವ ಎಲ್ಲ ಕ್ಲಿನಿಕ್‌ನಲ್ಲೂ ಸರೀಸೃಪ ನೋಡೋದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳ ಅಂದರೆ ಊರಿನ ಆ ತುದಿಯಿಂದ ಈ ತುದಿ. ಬೈಕಿನಲ್ಲಿ ಗಾಳಿಗೆ ಒಡ್ಡಿಕೊಂಡು ಹೋಗಬೇಡಿ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಪಕ್ಕ, ಇನ್ನೊಂದು ಪಕ್ಕ ಖಾಲಿ. ಬಿಸಿಯಾದರೆ ಸರಿದುಕೊಳ್ಳೋಕೆ ಅದಕ್ಕೆ ಜಾಗ ಇರಬೇಕು.

ಆಮೇಲೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂ ನಿಖರತೆ ಇದ್ದರೆ ಆಯ್ತು. ಇಡೀ ಚಳಿಗಾಲದಲ್ಲಿ ನಂಬಬಹುದಾದ ಅಳತೆ ಇದೊಂದೇ. ಬೋರ ಮಲಗುವ ಮುನ್ನ 420 ಗ್ರಾಂ ಇದ್ದ. ಹತ್ತು ಶೇಕಡ ಇಳಿದರೆ ಡಾಕ್ಟರ್ ಅನ್ನೋ ನಿಯಮದಂತೆ ಗೋಡೆಯ ಮೇಲೆ 378 ಅಂತ ಬರೆದು ಕೆಂಪು ಗೆರೆ ಎಳೆದೆವು. ಎರಡು ವಾರಕ್ಕೊಮ್ಮೆ ತೂಕ. ಮೊದಲ ಚಳಿಗಾಲದ ಹತ್ತು ವಾರಕ್ಕೆ ಇಳಿದದ್ದು 13 ಗ್ರಾಂ. ಎಷ್ಟೇ ‘ಮಲಗಿದೆ ಅಷ್ಟೆ’ ಅಂತ ಹೇಳಿಕೊಂಡರೂ ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅನ್ನೋ ಕತೆ ಆಗಬಾರದು, ಸಾಕ್ಷಿ ಅಂದರೆ ತಕ್ಕಡಿಯೇ.

ತಿನ್ನೋದು ಬಿಟ್ಟ ಕೂಡಲೇ ದೀಪ ಆರಿಸಬಾರದು. ಕೊನೆಯ ಊಟದ ನಂತರ ಹತ್ತರಿಂದ ಹದಿನಾಲ್ಕು ದಿನ ಎಂದಿನ ಬಿಸಿ, ಎಂದಿನ ಯುವಿಬಿ ಇರಲಿ. ಹೊಟ್ಟೆ ಖಾಲಿಯಾಗಿ ಹಿಕ್ಕೆ ಹಾಕಿದ್ದನ್ನು ಕಣ್ಣಾರೆ ನೋಡಿ. ಹಾಕದಿದ್ದರೆ ಮೊಣಕೈಗೆ ಹಿತವಾಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ, ಭುಜ ಮುಳುಗದಷ್ಟು ಆಳದಲ್ಲಿ, ಹತ್ತು-ಹದಿನೈದು ನಿಮಿಷ ಬಿಡಿ. ಅದಕ್ಕೆ ಅಂತಲೇ ಒಂದು ಟಬ್ ಇಟ್ಟುಕೊಳ್ಳಿ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತೆ, ಪಿಜಿಯ ಅಡುಗೆಮನೆ ಸಿಂಕ್ ಸ್ನಾನದ ಜಾಗವಲ್ಲ. ಸೋಪಿನಲ್ಲಿ ಕೈ ತೊಳೆದೇ ತಿಂಡಿಗೆ ಹೋಗಿ. ಹೊಟ್ಟೆ ಖಾಲಿ ಆಯಿತೆಂದು ಖಚಿತವಾದ ಮೇಲೆ ದೀಪದ ಹೊತ್ತನ್ನು 12ರಿಂದ 10, 8, 6 ಗಂಟೆ ಹೀಗೆ ಎರಡು ವಾರದಲ್ಲಿ ಇಳಿಸುತ್ತಾ ಹೋಗಿ ಕೊನೆಗೆ ಆರಿಸಿ.

ಆರಿಸಿದ ಮೇಲೆ ಕತ್ತಲು ಅಂದರೆ ಕತ್ತಲೇ. ಈ ಓತಿಗೆ ನೆತ್ತಿಯ ಮೇಲೆ ಮೂರನೇ ಕಣ್ಣಿದೆ, ತಮಾಷೆಯಲ್ಲ. ಚಿತ್ರ ಕಾಣೋದಿಲ್ಲ, ಬೆಳಕು-ನೆರಳು ಗೊತ್ತಾಗುತ್ತೆ. ರೂಮ್‌ಮೇಟ್ ಬೆಳಗಿನ ಮೂರು ಗಂಟೆಯವರೆಗೆ ಟ್ಯೂಬ್‌ಲೈಟ್ ಹಾಕಿ ಪ್ರಾಜೆಕ್ಟ್ ಮಾಡುತ್ತಿದ್ದರೆ ಮುಕ್ಕಣ್ಣನಿಗೆ ರಾತ್ರಿ ಯಾವುದು ಹಗಲು ಯಾವುದು ತಿಳಿಯೋದಿಲ್ಲ. ಗಾಳಿಯಾಡುವಂತೆ ದಪ್ಪ ಬಟ್ಟೆ ಇಳಿಬಿಡಿ. ಅಂದಹಾಗೆ ಈ ಪ್ರಾಣಿಯ ದಿನನಿತ್ಯದ ನಿದ್ದೆಯೂ ಪ್ರಸಿದ್ಧವೇ: 2016ರಲ್ಲಿ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ಜೀಲ್ ಲೊರಾಂ ಅವರ ತಂಡ, ನಮ್ಮ ಹಾಗೆ ಕನಸಿನ ಹಂತ ಮತ್ತು ಗಾಢ ಹಂತ ಎರಡೂ ಗಡ್ಡದ ಓತಿಯ ನಿದ್ದೆಯಲ್ಲಿ ಇವೆಯೆಂದು ತೋರಿಸಿತು. ನಮ್ಮದು ಒಂದೂವರೆ ಗಂಟೆಯ ಸುತ್ತು, ಅದರದು ಸುಮಾರು 80 ಸೆಕೆಂಡ್.

ಇಂಜಿನಿಯರಿಂಗ್ ಸ್ಟೂಡೆಂಟ್ ಕೈಗೆ ಸಿಕ್ಕ ಓತಿಗೆ ಇನ್ನೊಂದು ಅಪಾಯ ಕಾದಿರುತ್ತೆ: ನಮ್ಮ ಮಿನಿ ಪ್ರಾಜೆಕ್ಟ್. ಎಸ್.ಪಿ. ರೋಡಿಗೆ ಹೋಗಿ ಇಎಸ್‌ಪಿ-32, ಒಂದು ಸೆನ್ಸರ್, ಒಂದು ರಿಲೇ ತಂದು ಹೀಟರ್ ಕಂಟ್ರೋಲ್ ಮಾಡೋಕೆ ಅರ್ಧ ದಿನ ಸಾಕು. ಅಲಾರಂ ಕೊಡುವ, ಗ್ರಾಫ್ ಬಿಡಿಸುವ ಕೆಲಸಕ್ಕೆ ಅದು ಚೆನ್ನ, ಖಂಡಿತ ಮಾಡಿ. ಆದರೆ ಅದೊಂದನ್ನೇ ನಂಬಿ ಊರಿಗೆ ಹೋಗಬೇಡಿ. ಅಗ್ಗದ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಹೀಟರ್ ಆರೋದೇ ಇಲ್ಲ. ಸೆನ್ಸರ್‌ನ ಟೇಪ್ ಬಿಟ್ಟು ಅದು ಗೂಡಿನ ಹೊರಗೆ ಬಿದ್ದರೆ, ಕಂಟ್ರೋಲರ್ ‘ಇನ್ನೂ ಚಳಿ ಇದೆ’ ಅಂದುಕೊಂಡು ಪೂರ್ತಿ ಬಿಸಿ ಕೊಡುತ್ತಲೇ ಇರುತ್ತೆ. ಕೋಡ್‌ನಲ್ಲಿ ಒಂದೂ ತಪ್ಪಿಲ್ಲದೆ ಪ್ರಾಣಿ ಬೆಂದುಹೋಗುತ್ತೆ. ಹೀಟರ್‌ನ ಸಾಲಿನಲ್ಲಿ ಬೇರೆಯೇ ಒಂದು ಮೆಕ್ಯಾನಿಕಲ್ ಕಟ್‌ಆಫ್ ಇರಬೇಕು. ಇನ್ನೂ ಸರಳ ಉತ್ತರ ಏನಂದ್ರೆ, ಮಲಗಿರುವ ದೊಡ್ಡ ಓತಿಗೆ ಬೆಂಗಳೂರಿನ ಮನೆಯೊಳಗೆ ಹೀಟರೇ ಬೇಕಾಗೋದು ಅಪರೂಪ. ಪ್ಲಗ್ ಕಿತ್ತಿಡಿ. ಇದೇ ಕಾರಣಕ್ಕೆ ಕರೆಂಟ್ ಹೋದರೂ ಗಾಬರಿ ಬೇಡ, ಮಂಪರಿನಲ್ಲಿರೋ ಪ್ರಾಣಿಗೆ ಬೆಸ್ಕಾಂ ಹಂಗಿಲ್ಲ.

ಮಲಗಿರುವಾಗ ಮಾಡಬೇಕಾದ್ದು ಕಡಿಮೆ. ತೂಕಕ್ಕೆ ಎತ್ತಿದಾಗ ಮೂತಿಯ ಮೇಲೆ ಒಂದೆರಡು ಹನಿ ನೀರು ಬಿಟ್ಟರೆ ನೆಕ್ಕಿಕೊಳ್ಳುತ್ತೆ. ನೆಕ್ಕದಿದ್ದರೆ ಬಲವಂತ ಬೇಡ. ಊಟವಂತೂ ಬೇಡವೇ ಬೇಡ. ಇಡೀ ಮಂಪರು ಕೆಲವು ವಾರದಿಂದ ಮೂರು ತಿಂಗಳವರೆಗೆ ಇರಬಹುದು.

ನಿದ್ದೆಗೂ ಕಾಯಿಲೆಗೂ ವ್ಯತ್ಯಾಸ ಹೇಳುವಾಗ ಒಂದೊಂದೇ ಲಕ್ಷಣ ಹಿಡಿದು ಕೂರಬಾರದು. ಮಲಗಿದ ಆರೋಗ್ಯವಂತ ಓತಿ ಎತ್ತಿದರೆ ಸಿಡುಕುತ್ತೆ, ಕಾಲು ಎಳೆದುಕೊಳ್ಳುತ್ತೆ, ಹೊಟ್ಟೆ ಮತ್ತು ಬಾಲದ ಬುಡ ತುಂಬಿಕೊಂಡೇ ಇರುತ್ತೆ. ಕಾಯಿಲೆಯ ಓತಿ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋಲುತ್ತೆ. ಕಣ್ಣು ಗುಳಿ ಬಿದ್ದಿರೋದು, ಬಾಯಿ ಮೂಗಿನಲ್ಲಿ ಲೋಳೆ, ಬಾಯಿ ತೆರೆದು ಉಸಿರೆಳೆಯೋದು, ಕೈಕಾಲು ಅದುರೋದು, ನಾರುವ ನೀರುಭೇದಿ, ದಿನಗಟ್ಟಲೆ ಕಪ್ಪಗೇ ಇರುವ ಗಡ್ಡ, ಇವುಗಳಲ್ಲಿ ಯಾವುದು ಕಂಡರೂ ಅದು ಮಂಪರಲ್ಲ. ನಿಧಾನವಾಗಿ ಬೆಚ್ಚಗೆ ಮಾಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸತ್ತೇ ಹೋಗಿದೆ ಅನ್ನಿಸಿದರೂ ಗುಂಡಿ ತೋಡಲು ಅವಸರ ಮಾಡಬೇಡಿ. ತಣ್ಣಗಿರುವ ಓತಿಯ ಉಸಿರು ಎಷ್ಟು ವಿರಳ ಅಂದರೆ, ಪಕ್ಕೆ ಏಳೋದನ್ನು ಕಾಣಲು ಕೆಲವು ನಿಮಿಷ ಕಣ್ಣು ಕೀಳದೆ ನೋಡಬೇಕು. ದೀಪ ಹಾಕಿ, ಕೆಲವು ಗಂಟೆ ಬಿಡಿ, ಆಮೇಲೆ ತೀರ್ಮಾನಿಸಿ.

ಏಳೋದು ಸಾಮಾನ್ಯವಾಗಿ ತಾನಾಗಿಯೇ. ಫೆಬ್ರವರಿಯ ಬಿಸಿಲು ಏರುವಾಗ ಒಂದು ಬೆಳಿಗ್ಗೆ ಹೊರಗೆ ಬಂದು ಕೂತಿರುತ್ತೆ. ದೀಪದ ಹೊತ್ತನ್ನು ಇಳಿಸಿದ ಹಾಗೆಯೇ ಒಂದು ವಾರದಲ್ಲಿ ಏರಿಸಿ. ಮೊದಲು ನೀರು, ಸ್ನಾನ. ಮೈ ಪೂರ್ತಿ ಕಾಯಿಸಿಕೊಂಡು ಒಂದೆರಡು ದಿನವಾದ ಮೇಲೆ ಸೊಪ್ಪು, ಆಮೇಲೆ ಹುಳ. ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಕೊಡಿ, ಕ್ಯಾಲ್ಸಿಯಂ ಚೆನ್ನಾಗಿದೆ. ದಾಸವಾಳದ ಹೂವು ಕಂಡರೆ ಬೋರ ನಮ್ಮ ಬೆರಳನ್ನೂ ಬಿಡೋದಿಲ್ಲ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ. ಕ್ಯಾಂಪಸ್‌ನ ಹುಲ್ಲಿನಲ್ಲಿ ಹಿಡಿದ ಹುಳ ಬೇಡ, ಔಷಧಿ ಹೊಡೆದಿರುತ್ತಾರೆ. ಮಿಂಚುಹುಳವಂತೂ ವಿಷ, ಒಂದೇ ಒಂದು ನುಂಗಿದರೂ ಗಡ್ಡದ ಓತಿ ಸತ್ತುಹೋಗಬಲ್ಲದು. ಯುವಿಬಿ ಟ್ಯೂಬ್ ಹಳತಾಗಿದ್ದರೆ ಬದಲಿಸಲು ಇದೇ ಸಮಯ. ಬೆಳಕು ಬರುತ್ತಲೇ ಇದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿಬಿ ಕುಂದಿರುತ್ತೆ. ಕಿಟಕಿ ಗಾಜಿನ ಮೂಲಕ ಬಿಸಿಲು ತೋರಿಸಿದರೆ ಆಗೋದಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತೆ.

ಹೊಸದಾಗಿ ಕೊಳ್ಳಬೇಕೆಂದಿರುವವರಿಗೆ ಕಾನೂನಿನ ಎರಡು ಮಾತು. ಆಸ್ಟ್ರೇಲಿಯಾ ತನ್ನ ಸರೀಸೃಪಗಳನ್ನು ಮಾರಾಟಕ್ಕೆ ಹೊರಗೆ ಕಳಿಸೋದಿಲ್ಲ. ಬೇರೆ ದೇಶಗಳಲ್ಲಿ ಸಿಗುವವೆಲ್ಲ ಸಾಕಣೆಯಲ್ಲೇ ಹುಟ್ಟಿ ತಲೆಮಾರುಗಳಾದ ಪ್ರಾಣಿಗಳು, ಜೊತೆಗೆ ಕಳ್ಳದಾರಿಯೂ ಇದೆ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ 234 ಜೀವಿಗಳು ಸಿಕ್ಕವು, ಅದರಲ್ಲಿ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ನಿಮ್ಮ ಪ್ರಾಣಿಯ ವಿಷಯ ಕೇಳಿಕೊಳ್ಳಿ. ಬಿಲ್ಲು, ಕಾಗದ ಕೊಡದ ಮಾರಾಟಗಾರನಿಂದ ಕೊಳ್ಳಬೇಡಿ. ಕ್ಯಾಂಪಸ್ ಬಂಡೆಯ ಮೇಲೆ ಕೆಂಪು-ಕಪ್ಪು ಬಣ್ಣದಲ್ಲಿ ಮೆರೆಯುವ ನಮ್ಮದೇ ಓತಿಕ್ಯಾತವನ್ನು ಹಿಡಿದು ತರೋದಂತೂ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಅವರ ತಂಡ ಬೆಂಗಳೂರಿನ ಸುತ್ತ ಇವನ್ನೇ ಅಧ್ಯಯನ ಮಾಡಿ, ಊರಂಚಿನ ಓತಿಗಳು ಹಳ್ಳಿಯವಕ್ಕಿಂತ ಬೇಗ ಸುರಕ್ಷಿತ ಅಡಗುತಾಣ ಕಲಿಯುತ್ತವೆ ಅಂತ ಕಂಡುಕೊಂಡಿದೆ. ದೂರದಿಂದ ನೋಡಿ, ನಿಮಗಿಂತ ಮೊದಲು ಅದು ನಿಮ್ಮನ್ನು ನೋಡಿರುತ್ತೆ.

ಕೊನೆಗೆ ರಜೆಯ ಪ್ರಶ್ನೆ. ಮಲಗಿದೆ ಅಂತ ಮೂರು ವಾರ ಬೀಗ ಹಾಕಿ ಹೋಗೋದು ಸರಿಯಲ್ಲ, ಏಕೆಂದರೆ ಅದು ಯಾವಾಗ ಏಳುತ್ತೆ ಅಂತ ಅದಕ್ಕೂ ಗೊತ್ತಿರಲ್ಲ. ನಾವು ಪಾಳಿ ಹಾಕಿಕೊಂಡಿದ್ದೇವೆ: ಧಾರವಾಡದವನು ಕ್ರಿಸ್‌ಮಸ್‌ಗೆ ಮೊದಲು ಹೋಗಿ ಬರುತ್ತಾನೆ, ಮಂಡ್ಯದವಳು ಸಂಕ್ರಾಂತಿಗೆ, ಇಬ್ಬರು ಇಲ್ಲಿಯವರೇ. ಗೂಡಿನ ಪಕ್ಕ ಅಂಟಿಸಿದ ಹಾಳೆಯಲ್ಲಿ ಡಾಕ್ಟರ ನಂಬರು, ಕೊನೆಯ ತೂಕ, ಕೆಂಪು ಗೆರೆಯ ಅಂಕಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಊಟ ಹಾಕಬೇಡಿ’. ಓನರ್ ಆಂಟಿ ಬಾಳೆಹಣ್ಣು ಹಿಡಿದುಕೊಂಡು ಬರುತ್ತಾರೆ, ಅವರಿಗೆ ಕಾಣುವ ಎತ್ತರದಲ್ಲೇ ಅಂಟಿಸಿದ್ದೇವೆ.